ಗಿಳಿಯ ಹೊರಸಂಚಾರ: ಹಾರ್ನೆಸ್ ಕೊಳ್ಳುವ ಮುನ್ನ ಅರಿಯಬೇಕಾದುದು

ಸಾಕುಗಿಳಿಯನ್ನು ಭುಜದ ಮೇಲೆ ಕುಳ್ಳಿರಿಸಿಕೊಂಡು ತಾರಸಿಗೋ ಉದ್ಯಾನಕ್ಕೋ ಹೋಗುವವರು ನಗರಗಳಲ್ಲಿ ಆಗಾಗ್ಗೆ ಕಣ್ಣಿಗೆ ಬೀಳುತ್ತಾರೆ. ‘ಮರಿಯಿಂದ ಸಾಕಿದ ಹಕ್ಕಿ, ಎಲ್ಲಿಗೂ ಹೋಗದು’ ಎಂಬುದು ಅವರ ನಂಬಿಕೆ. ಆದರೆ ಗಿಳಿ ಹಾರಿಹೋಗುವುದು ಸಾಮಾನ್ಯವಾಗಿ ಪ್ರೀತಿಯ ಕೊರತೆಯಿಂದಲ್ಲ, ಬೆದರಿಕೆಯಿಂದ. ವಾಹನದ ಹಾರ್ನ್, ಪಟಾಕಿಯ ಸದ್ದು, ನೆತ್ತಿಯ ಮೇಲೆ ಸುಳಿದ ಹದ್ದಿನ ನೆರಳು, ಇವುಗಳಲ್ಲಿ ಯಾವುದಾದರೊಂದು ಸಾಕು. ಯೋಚಿಸುವ ಮೊದಲೇ ಹಕ್ಕಿಯ ರೆಕ್ಕೆ ಬಿಚ್ಚಿರುತ್ತದೆ. ಪಂಜರದಲ್ಲಿ ಬೆಳೆದ ಗಿಳಿಗೆ ಎತ್ತರದ ಮರದಿಂದ ಕೆಳಗಿಳಿಯುವ ಅಭ್ಯಾಸವಾಗಲಿ, ತಾನಾಗಿ ಆಹಾರ ಹುಡುಕುವ ಅರಿವಾಗಲಿ ಇರುವುದಿಲ್ಲ. ಒಡೆಯನ ಕೂಗು ಕೇಳುತ್ತಿದ್ದರೂ ಇಳಿದು ಬರಲಾರದೆ ಕೊಂಬೆಯ ಮೇಲೆಯೇ ಕುಳಿತಿರುತ್ತದೆ.

ರೆಕ್ಕೆಯ ಗರಿಗಳನ್ನು ಕತ್ತರಿಸಿದರೆ ಭಯವಿಲ್ಲ ಎನ್ನುವವರೂ ಇದ್ದಾರೆ. ಗರಿ ಉದುರಿ ಹೊಸದು ಬೆಳೆಯುತ್ತಲೇ ಇರುತ್ತದೆ. ಕತ್ತರಿಸಿದ ರೆಕ್ಕೆಯ ಹಕ್ಕಿಯನ್ನೂ ಗಾಳಿಯ ಒಂದು ಬೀಸು ಗೋಡೆಯಾಚೆಗೆ ಒಯ್ಯಬಲ್ಲದು. ಆಗ ಅದು ದೂರ ಹಾರಲಾರದೆ ಬೀದಿನಾಯಿಗಳ ಮುಂದೆಯೇ ಇಳಿದೀತು. ಆದುದರಿಂದ ಗಿಳಿಯನ್ನು ಬಯಲಿಗೆ ಕರೆದೊಯ್ಯುವುದಾದರೆ ಪಂಜರ ಬೇಕು, ಇಲ್ಲವೇ ಹಾರ್ನೆಸ್ ಬೇಕು.

ಹೊರಗೆ ಒಯ್ಯುವುದೇಕೆ?

ಗಿಳಿಗೆ ಬಿಸಿಲು ವಿಲಾಸದ ವಸ್ತುವಲ್ಲ. ದೇಹದಲ್ಲಿ ‘ಡಿ’ ಜೀವಸತ್ವ ಉತ್ಪತ್ತಿಯಾಗಲು ನೇರಳಾತೀತ ಕಿರಣಗಳು ಬೇಕು. ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತಲು ಆ ಜೀವಸತ್ವ ಬೇಕು. ಕಿಟಕಿಯ ಗಾಜು ಈ ಕಿರಣಗಳ ಅಗತ್ಯ ಭಾಗವನ್ನೇ ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಸಾಲದು. ಆಫ್ರಿಕನ್ ಗ್ರೇ ಗಿಳಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ನಡುಕ, ಸೆಳೆತ ಉಂಟಾಗುವುದು ಪಶುವೈದ್ಯರಿಗೆ ಚಿರಪರಿಚಿತ ಸಮಸ್ಯೆ.

ಕಾನೂನಿನ ಮಾತು

ನಮ್ಮ ತೋಟ-ಗದ್ದೆಗಳಲ್ಲಿ ಹಾರಾಡುವ, ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಹಸಿರು ಗಿಳಿ ಸೇರಿದಂತೆ ದೇಶೀಯ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹಾರ್ನೆಸ್‌ನ ಪ್ರಶ್ನೆ ಏಳುವುದು ವಿದೇಶೀ ಮೂಲದ ಹಕ್ಕಿಗಳ ವಿಷಯದಲ್ಲಿ ಮಾತ್ರ. ಅವುಗಳಲ್ಲಿಯೂ ಆಫ್ರಿಕನ್ ಗ್ರೇ, ಮಕಾವ್, ಕಾಕಟೂ ಮೊದಲಾದವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ‘ಸೈಟಿಸ್’ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಹಾಗೂ 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳ ಅನ್ವಯ ಇಂಥವನ್ನು ಸಾಕುವವರು ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಕಟೀಲ್ ಮತ್ತು ನಮ್ಮಲ್ಲಿ ಹಲವರು ‘ಲವ್ ಬರ್ಡ್ಸ್’ ಎಂದೇ ಕರೆಯುವ ಬಡ್ಜರಿಗರ್ ಸೈಟಿಸ್ ಪಟ್ಟಿಯಲ್ಲಿಲ್ಲ.

ಕಾಲಿಗೆ ಸರಪಳಿ ಬೇಡ

ಗಿಳಿಯ ಕಾಲಿಗೆ ಬಳೆ ತೊಡಿಸಿ ಸರಪಳಿ ಬಿಗಿಯುವುದು ಹಳೆಯ ರೂಢಿ. ಅದರ ಅಪಾಯ ಸಣ್ಣದೊಂದು ಲೆಕ್ಕದಿಂದ ತಿಳಿಯುತ್ತದೆ. 450 ಗ್ರಾಂ ತೂಕದ ಗಿಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹಾರುತ್ತಿರುವಾಗ ಕಟ್ಟು ಬಿಗಿಯಾಯಿತೆಂದು ಭಾವಿಸೋಣ. ಹಿಗ್ಗದ ಸರಪಳಿ ಅದನ್ನು 10 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಬೀಳುವ ಸರಾಸರಿ ಸೆಳೆತ ಸುಮಾರು 15 ಕಿಲೋ ಭಾರಕ್ಕೆ ಸಮ. ಅಂದರೆ ಹಕ್ಕಿಯ ತೂಕದ ಮೂವತ್ತು ಪಟ್ಟಿಗೂ ಅಧಿಕ. ಅಷ್ಟೂ ಸೆಳೆತ ಸಪೂರವಾದ ಕಾಲಿನ ಮೇಲೆ ಬಿದ್ದರೆ ಮೂಳೆ ಮುರಿಯುವುದು, ಕೀಲು ತಪ್ಪುವುದು ಸಹಜ. ಹಿಗ್ಗುವ ದಾರವೊಂದು ಅದೇ ಹಕ್ಕಿಯನ್ನು 60 ಸೆಂಟಿಮೀಟರಿನಲ್ಲಿ ನಿಧಾನವಾಗಿ ನಿಲ್ಲಿಸಿದರೆ ಸೆಳೆತ ಎರಡೂವರೆ ಕಿಲೋಗೆ ಇಳಿಯುತ್ತದೆ. ಆ ಸೆಳೆತವೂ ಮುಂಡದ ಮೇಲೆ ಹಂಚಿಹೋದರೆ ಅಪಾಯ ಮತ್ತಷ್ಟು ತಗ್ಗುತ್ತದೆ. ಉತ್ತಮ ಹಾರ್ನೆಸ್‌ನ ತತ್ತ್ವವೇ ಇದು.

ಎದೆ ಬಿಗಿದರೆ ಉಸಿರಿಲ್ಲ

ಆದರೆ ಮುಂಡಕ್ಕೆ ಪಟ್ಟಿ ಕಟ್ಟುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ನಮ್ಮಲ್ಲಿರುವಂತೆ ಎದೆ-ಹೊಟ್ಟೆಗಳ ನಡುವಣ ಉಸಿರಾಟದ ಪೊರೆ, ವಪೆ, ಹಕ್ಕಿಗಳಿಗಿಲ್ಲ. ಎದೆಮೂಳೆ ಮುಂದಕ್ಕೂ ಕೆಳಕ್ಕೂ ಚಲಿಸಿದಾಗ ಮಾತ್ರ ಒಳಗಿನ ಗಾಳಿಚೀಲಗಳು ತುಂಬಿ ಉಸಿರಾಟ ನಡೆಯುತ್ತದೆ. ಎದೆಮೂಳೆಯನ್ನು ಅದುಮಿ ಹಿಡಿದರೆ, ಮೂಗು-ಕೊರಳುಗಳನ್ನು ಮುಟ್ಟದಿದ್ದರೂ ಗಿಳಿ ಉಸಿರುಗಟ್ಟುತ್ತದೆ. ಕತ್ತಿನ ಬುಡದಲ್ಲಿ, ನುಂಗಿದ ಕಾಳು ಕೆಲಕಾಲ ತಂಗುವ ಚೀಲವಿದೆ. ಅದರ ಮೇಲೂ ಒತ್ತಡ ಬೀಳಬಾರದು. ಹೊಟ್ಟೆ ತುಂಬ ತಿಂದ ಕೂಡಲೇ ಹಾರ್ನೆಸ್ ತೊಡಿಸದಿರುವುದು ಲೇಸು. ಆದುದರಿಂದ ‘ಬಿಗಿಯಾಗಿದ್ದಷ್ಟೂ ಭದ್ರ’ ಎಂಬ ಎಣಿಕೆ ಇಲ್ಲಿ ಪ್ರಾಣಕ್ಕೇ ಎರವಾಗಬಲ್ಲದು.

ಮೂರು ಬಗೆಗಳು

ಮೊದಲನೆಯದು ಒಂದೇ ಪಟ್ಟಿಯ ಹಾರ್ನೆಸ್. ತಲೆ ಮತ್ತು ಎರಡೂ ರೆಕ್ಕೆಗಳನ್ನು ಕುಣಿಕೆಗಳೊಳಗೆ ತೂರಿಸಿ ಅಳತೆ ಸರಿಪಡಿಸುವ ವಿಧಾನ ಇದರದು. ವಿದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಏವಿಯೇಟರ್’ ಈ ಬಗೆಗೆ ಸೇರಿದ್ದು. ಅದರ ದಾರವೂ ಹಿಗ್ಗುವಂಥದು. ಕೊಕ್ಕಿಗೆ ಸಿಕ್ಕಿ ಬಿಚ್ಚಿಕೊಳ್ಳುವ ಬಕಲ್‌ಗಳಿಲ್ಲದಿರುವುದು ಇದರ ಗುಣ. ರೆಕ್ಕೆ ಮುಟ್ಟಿಸಿಕೊಳ್ಳಲು ಒಪ್ಪದ ಗಿಳಿಗೆ ತೊಡಿಸುವುದು ಕಷ್ಟವೆಂಬುದು ಮಿತಿ.

ಎರಡನೆಯದು ಬಕಲ್ ಇರುವ ಹಾರ್ನೆಸ್. ರೆಕ್ಕೆಯನ್ನು ಎಳೆಯದೆ ತೊಡಿಸಬಹುದು. ಆದರೆ ಗಿಳಿಯ ಕೊಕ್ಕು ಬಾದಾಮಿಯನ್ನೇ ಒಡೆಯುವ ಸಾಧನ. ಪ್ಲಾಸ್ಟಿಕ್ ಬಕಲ್ ಅದಕ್ಕೆ ಆಟಿಕೆಯಂತೆ. ಲೋಹದ ಬಕಲ್ ಇದ್ದರೆ ಸತುವಿನ ಲೇಪವಿಲ್ಲದಂತೆ ನೋಡಿಕೊಳ್ಳಬೇಕು, ಏಕೆಂದರೆ ಸತು ಗಿಳಿಗಳಿಗೆ ವಿಷ.

ಮೂರನೆಯದು ಅಂಗಿಯಂತೆ ಮೈ ಮುಚ್ಚುವ ಉಡುಪು. ಹಿಕ್ಕೆ ಕೆಳಗೆ ಬೀಳದಿರಲೆಂದು ರೂಪಿಸಿದ ಇದನ್ನು ಬಹುಮಟ್ಟಿಗೆ ವೆಲ್ಕ್ರೊ ಪಟ್ಟಿಯಿಂದ ಅಂಟಿಸಲಾಗುತ್ತದೆ. ಕೊಕ್ಕು ಅದನ್ನು ಸುಲಭವಾಗಿ ಕಿತ್ತುಹಾಕುತ್ತದೆ. ನಮ್ಮ ಬೇಸಿಗೆಯಲ್ಲಿ ಸೆಕೆಯೂ ಹೆಚ್ಚು. ಬಯಲಿನ ಸುರಕ್ಷತೆಗೆ ಇದನ್ನು ನೆಚ್ಚುವಂತಿಲ್ಲ.

ಅಳತೆ ಹೇಗೆ?

ಅಳತೆಯನ್ನು ಜಾತಿಯ ಹೆಸರಿನಿಂದಲ್ಲ, ಆ ಹಕ್ಕಿಯ ತೂಕದಿಂದ ಆರಿಸಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ಕಾಕಟೀಲ್ ಸಾಮಾನ್ಯವಾಗಿ 80ರಿಂದ 100 ಗ್ರಾಂ, ಆಫ್ರಿಕನ್ ಗ್ರೇ 400ರಿಂದ 500 ಗ್ರಾಂ ತೂಗುತ್ತವೆ. ದೊಡ್ಡ ಮಕಾವ್ ಒಂದು ಕಿಲೋದ ಆಸುಪಾಸಿನಲ್ಲಿರುತ್ತದೆ. 30-40 ಗ್ರಾಂನ ಬಡ್ಜರಿಗರ್‌ಗೆ ಹಾರ್ನೆಸ್‌ನ ಹಂಬಲ ಬೇಡ. ಸಣ್ಣ ಪಂಜರವೇ ಅದಕ್ಕೆ ಕ್ಷೇಮ.

ತೊಡಿಸಿದ ಬಳಿಕ ಪಟ್ಟಿಯ ಕೆಳಗೆ ದೊಡ್ಡ ಗಿಳಿಗಾದರೆ ಕಿರುಬೆರಳು, ಕಾಕಟೀಲ್‌ಗಾದರೆ ಪೆನ್ಸಿಲ್ ಸಲೀಸಾಗಿ ತೂರುವಷ್ಟು ಸಡಿಲವಿರಬೇಕು. ಕೊರಳ ಕುಣಿಕೆಯನ್ನು ಮೆಲ್ಲನೆ ಮೇಲಕ್ಕೆತ್ತಿದರೆ ಅದು ತಲೆಯಿಂದ ಜಾರಬಾರದು. ಎರಡೂ ರೆಕ್ಕೆಗಳು ಪೂರ್ತಿ ಬಿಚ್ಚಿಕೊಳ್ಳಬೇಕು. ಹೊಸ ವಸ್ತು ಕಂಡು ಬೆದರಿದ ಗಿಳಿ ಗರಿ ಕೆದರಿ ದಪ್ಪಗಾಗುವುದುಂಟು. ಆಗ ಸರಿಯೆನಿಸಿದ ಅಳತೆ ಗರಿಗಳು ಅಡಗಿದ ಮೇಲೆ ಸಡಿಲವಾಗಿರುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿಯೇ ಬಾಗಿಲು ತೆರೆಯಬೇಕು.

ದಾರ ಉದ್ದವಾದಷ್ಟೂ ಹಕ್ಕಿ ವೇಗ ಗಳಿಸಿಕೊಳ್ಳುತ್ತದೆ. ಜಗ್ಗುವಾಗಿನ ಪೆಟ್ಟೂ ಹೆಚ್ಚುತ್ತದೆ. ಆರಂಭದಲ್ಲಿ ಒಂದೆರಡು ಮೀಟರ್ ಸಾಕು.

ಒಪ್ಪಿಗೆಯೇ ಮುಖ್ಯ

ಎಂಥ ಹಾರ್ನೆಸ್ ತಂದರೂ ಗಿಳಿಯನ್ನು ಬಟ್ಟೆಯಲ್ಲಿ ಸುತ್ತಿ ಬಲವಂತವಾಗಿ ತೊಡಿಸಿದರೆ ಫಲವಿಲ್ಲ. ಅದು ಪಟ್ಟಿಯನ್ನೂ ಅದನ್ನು ಹಿಡಿದ ಕೈಯನ್ನೂ ದ್ವೇಷಿಸಲು ಕಲಿಯುತ್ತದೆ. ಕೆಲವು ದಿನ ಹಾರ್ನೆಸ್ ಪಂಜರದ ಬಳಿ ಕಣ್ಣಿಗೆ ಬೀಳುವಂತೆ ಇರಲಿ. ಅದನ್ನು ಮುಟ್ಟಿದಾಗ ಸೂರ್ಯಕಾಂತಿ ಬೀಜವೋ ಬಾದಾಮಿಯ ಚೂರೋ ಸಿಗಲಿ. ಬಳಿಕ ಕುಣಿಕೆಯಾಚೆ ತಿನಿಸು ಹಿಡಿದು ಗಿಳಿ ತಾನಾಗಿ ತಲೆ ತೂರಿಸುವಂತೆ ಮಾಡಬೇಕು. ರೆಕ್ಕೆಯ ಸರದಿ ಅನಂತರದ್ದು. ಕೆಲವು ಗಿಳಿಗಳಿಗೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಮನೆಯೊಳಗೆ ಹಾರ್ನೆಸ್ ತೊಟ್ಟು ನೆಮ್ಮದಿಯಿಂದ ಗರಿ ತೀಡಿಕೊಳ್ಳುವ ಹಕ್ಕಿ ಮಾತ್ರ ಹೊರಗೆ ಬರಲು ಸಿದ್ಧವಾದ ಹಕ್ಕಿ.

ಹೊರಡುವ ಮುನ್ನ

* ಪ್ರತಿಬಾರಿಯೂ ಹೊಲಿಗೆ, ಕುಣಿಕೆ, ದಾರಗಳನ್ನು ಬೆಳಕಿಗೆ ಹಿಡಿದು ನೋಡಿ. ಕಚ್ಚಿದ ಗುರುತು, ಎಳೆ ಬಿಟ್ಟ ನೂಲು ಕಂಡರೆ ಅದನ್ನು ಬದಲಿಸಿ.
* ದಾರದ ತುದಿ ಮಣಿಕಟ್ಟಿಗೆ ಸುತ್ತಿರಲಿ. ಮರಕ್ಕೋ ಕುರ್ಚಿಗೋ ಕಟ್ಟಿ ಗಿಳಿಯನ್ನು ಒಂಟಿಯಾಗಿ ಬಿಡಬೇಡಿ.
* ಹದ್ದು, ಕಾಗೆ, ಬೆಕ್ಕು, ನಾಯಿಗಳ ಮೇಲೆ ಕಣ್ಣಿರಲಿ. ಹಾರ್ನೆಸ್ ಹಕ್ಕಿಯನ್ನು ಹಿಡಿದಿಡುತ್ತದೆಯೇ ಹೊರತು ಕಾಯುವುದಿಲ್ಲ.
* ಎಳೆಬಿಸಿಲು ಉತ್ತಮ. ಗಿಳಿ ಕೊಕ್ಕು ತೆರೆದು ಏದುಸಿರು ಬಿಡುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ತಕ್ಷಣ ನೆರಳಿಗೆ ಒಯ್ಯಿರಿ.
* ಮನೆಗೆ ಬಂದೊಡನೆ ಹಾರ್ನೆಸ್ ತೆಗೆಯಿರಿ. ತೊಡಿಸಿಯೇ ಪಂಜರಕ್ಕೆ ಬಿಟ್ಟರೆ ಸರಳಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಎಷ್ಟು ಕಲಿಸಿದರೂ ಹಾರ್ನೆಸ್ ಒಪ್ಪದ ಗಿಳಿಗಳೂ ಉಂಟು. ಅವುಗಳ ಪಾಲಕರು ನಿರಾಶರಾಗಬೇಕಿಲ್ಲ. ಭದ್ರವಾದ ಚಿಲಕವುಳ್ಳ ಪಂಜರವನ್ನು ಅರ್ಧ ನೆರಳು, ಅರ್ಧ ಬಿಸಿಲಿನಲ್ಲಿಟ್ಟು ಪಕ್ಕದಲ್ಲಿ ಕುಳಿತರೆ ಬಿಸಿಲೂ ಗಾಳಿಯೂ ಅವಕ್ಕೆ ಸಮಾನವಾಗಿಯೇ ದೊರೆಯುತ್ತವೆ. ಗಿಳಿಗೆ ಬೇಕಾದುದು ಆಕಾಶದ ಬೆಳಕು. ಅದು ಪಟ್ಟಿ ತೊಟ್ಟೇ ಸಿಗಬೇಕೆಂದೇನೂ ಇಲ್ಲ.