ಎರಿ ಹೊಲದ ಬಿಸಿಗಾಳಿ, ಸಾವಿರ ಅಂಕದ ಲೆಕ್ಕ: ಪ್ಯಾರಾಗ್ಲೈಡಿಂಗ್ ಸ್ಪರ್ಧೆ ಅಂದ್ರೆ ಏನು?

ನಮ್ಮ ಗುಂಪಿನಲ್ಲಿ ಒಬ್ಬನ ಊರು ಗದಗ ತಾಲೂಕಿನ ಕೋಟುಮಚಗಿ. ಮಾರ್ಚ್ ತಿಂಗಳಲ್ಲಿ ಎರಡು ದಿನ ರಜೆ ಸಿಕ್ಕಾಗ ನಾವೆಲ್ಲ ಅವನ ಮನೆಗೆ ಹೋಗಿದ್ವಿ. ಮಧ್ಯಾಹ್ನ ಊಟ ಮುಗಿಸಿ, ಕಡ್ಲಿ ಕಿತ್ತು ಖಾಲಿಯಾಗಿದ್ದ ಎರಿ ಹೊಲದ ಬದುವಿನ ಮೇಲೆ ಬೇವಿನ ಗಿಡದ ನೆರಳಿಗೆ ಕೂತಿದ್ವಿ. ಹೊಲದ ನಡುವೆ ಒಂದು ಸುಳಿಗಾಳಿ ಎದ್ದು ಹೊಟ್ಟು, ಒಣ ಎಲೆ ಎಲ್ಲ ಎತ್ಕೊಂಡು ಹೋಯ್ತು. ಸ್ವಲ್ಪ ಹೊತ್ತಿಗೆ ಅದೇ ಜಾಗದ ಮೇಲೆ ಎರಡು ಹದ್ದು ಬಂದವು. ರೆಕ್ಕೆ ಬಡಿಯದೇ ಸುತ್ತುತ್ತಾ ಸುತ್ತುತ್ತಾ ಚುಕ್ಕಿಯಷ್ಟಾಗಿ ಮಾಯ ಆದವು.

"ಬಿಸಿಲಿಗೆ ನೆಲ ಉಸುರು ಬಿಡತೈತಿ, ಹದ್ದು ಅದನ್ನ ಹತ್ತಿ ಹೊಕ್ಕಾವು," ಅಂದ್ರು ಗೆಳೆಯನ ಅಜ್ಜ.

ಆ ಉಸಿರಿಗೆ ಪುಸ್ತಕದಲ್ಲಿ ಥರ್ಮಲ್ ಅಂತಾರೆ. ಅದನ್ನೇ ಹತ್ತಿ, ಎಂಜಿನ್ ಇಲ್ಲದೇ, ಬಟ್ಟೆಯ ರೆಕ್ಕೆ ಕೆಳಗೆ ಕೂತು, ನೂರು ಕಿಲೋಮೀಟರ್ ದೂರದ ಗೆರೆಗೆ ಯಾರು ಮೊದಲು ಮುಟ್ತಾರೆ ಅಂತ ಪಂದ್ಯ ಕಟ್ಟೋ ಜನ ಇದ್ದಾರೆ. ಅವರ ಸೀಸನ್ ಹೇಗೆ ನಡೆಯುತ್ತೆ, ಒಬ್ಬ ಪೈಲಟ್ ವರ್ಷದಿಂದ ವರ್ಷಕ್ಕೆ ಹೇಗೆ ಮೇಲೆ ಬರ್ತಾನೆ ಅಂತ ನಾವು ಕೆದಕಿ ನೋಡಿದ್ವಿ. ಓದುತ್ತಾ ಹೋದಂಗೆ, ಇದು ಬರೀ ಹಾರೋರ ಕಥೆ ಅಲ್ಲ, ಅಂಕದ ಸೂತ್ರ ಬರೆಯೋರ ಕಥೆಯೂ ಹೌದು ಅನ್ನೋದು ಗೊತ್ತಾಯ್ತು. ಎಂಜಿನಿಯರಿಂಗ್ ಓದೋ ನಮಗೆ ಆ ಎರಡನೇ ಭಾಗ ಹೆಚ್ಚು ಮುಖ್ಯ.

ಇಲ್ಲಿ ಗಾಳಿ ಇದೆಯಲ್ಲ, ಇಲ್ಲೇ ಯಾಕೆ ಹಾರಬಾರದು?

ಮೊದಲ ಪ್ರಶ್ನೆ ಇದೇ ಬಂತು. ಕಪ್ಪತಗುಡ್ಡದ ಸಾಲಿನ ಮೇಲೆ ನಿಂತಿರೋ ಗಾಳಿಯಂತ್ರಗಳನ್ನ ನೋಡಿದ ಯಾರಿಗಾದ್ರೂ ಗದಗ ಜಿಲ್ಲೆಯ ಗಾಳಿ ಎಂಥದ್ದು ಅಂತ ಗೊತ್ತು. ಆದರೆ ಗಾಳಿಯಂತ್ರಕ್ಕೆ ಒಳ್ಳೆಯದಾದ ಗಾಳಿ ಪ್ಯಾರಾಗ್ಲೈಡರ್‌ಗೆ ಒಳ್ಳೆಯದಲ್ಲ. ಈ ರೆಕ್ಕೆಯ ಸಹಜ ವೇಗವೇ ಗಂಟೆಗೆ 40 ಕಿಮೀ ಆಸುಪಾಸು. ಎದುರು ಗಾಳಿಯೂ ಅಷ್ಟೇ ಇದ್ದರೆ ನೀವು ನಿಂತಲ್ಲೇ ನಿಲ್ತೀರಿ. ಇನ್ನೂ ಜೋರಾದರೆ ಹಿಂದಕ್ಕೆ ಹೋಗ್ತೀರಿ. ಗುಡ್ಡದ ಹಿಂಬದಿಗೆ ಜಾರಿದ್ರಂತೂ ಅಲ್ಲಿ ಗಾಳಿ ಸುಳಿ ಸುಳಿಯಾಗಿ ಕೆಳಕ್ಕೆ ಒತ್ತುತ್ತೆ. ಅದರಲ್ಲಿ ಯಂತ್ರದ ರೆಕ್ಕೆಗಳೂ ತಿರುಗ್ತಿದ್ರೆ ಹೇಳೋದೇ ಬೇಡ.

ಅದಕ್ಕೇ ನಮ್ಮ ದೇಶದಲ್ಲಿ ಈ ಸ್ಪರ್ಧೆಗೆ ದೊಡ್ಡ ಹೆಸರು ಹಿಮಾಚಲ ಪ್ರದೇಶದ ಬೀರ್ ಬಿಲ್ಲಿಂಗ್. ಬಿಲ್ಲಿಂಗ್ ಅನ್ನೋದು ಸುಮಾರು 2,400 ಮೀಟರ್ ಎತ್ತರದ ಹಾರುವ ಜಾಗ. ಇಳಿಯೋದು ಅದಕ್ಕಿಂತ ಸಾವಿರ ಮೀಟರ್‌ನಷ್ಟು ಕೆಳಗಿರೋ ಬೀರ್‌ನಲ್ಲಿ. ಮಳೆಗಾಲ ಮುಗಿದು ಅಕ್ಟೋಬರ್-ನವೆಂಬರ್‌ನಲ್ಲಿ ಧೌಲಾಧಾರ್ ಬೆಟ್ಟಸಾಲಿನ ಬಿಸಿಲು ಬಿದ್ದ ಮುಖಗಳಿಂದ ಥರ್ಮಲ್ ಏಳುತ್ತೆ. 2015ರ ಅಕ್ಟೋಬರ್‌ನಲ್ಲಿ ಅಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್‌ನ ಒಂದು ಸುತ್ತು ನಡೀತು, 2024ರ ನವೆಂಬರ್‌ನಲ್ಲಿ ಮತ್ತೆ ನಡೀತು.

ಈಗ ಸುಮ್ನೆ ಒಂದು ಕಲ್ಪನೆ ಮಾಡ್ಕೊಳ್ರಿ. ಕೋಟುಮಚಗಿಯ ಒಬ್ಬ ಹುಡುಗಿ ಈ ಆಟ ಕಲೀಬೇಕು ಅಂತ ಹೊರಟಳು. ಊರಲ್ಲಿ ಎತ್ತರ ಇಲ್ಲ, ನಿಜ. ಆದರೆ ತಂಪು ಹೊತ್ತಿನ ಹಗುರ ಗಾಳಿಯಲ್ಲಿ, ಬಯಲಿನಲ್ಲಿ, ಕಲಿಸೋರು ಜೊತೆಗಿದ್ದು, ರೆಕ್ಕೆಯನ್ನ ತಲೆ ಮೇಲೆ ನಿಲ್ಲಿಸಿ ಆಡಿಸೋದನ್ನ ಗಂಟೆಗಟ್ಟಲೆ ರೂಢಿ ಮಾಡಬಹುದು. ಯಾವ ಹೊಲದ ಮೇಲೆ ಹದ್ದು ಸುತ್ತುತ್ತೆ, ಹಸಿರು ಪೈರು ಮತ್ತು ಉತ್ತ ಕರಿ ನೆಲದ ನಡುವಿನ ಅಂಚಿನಲ್ಲಿ ಬಿಸಿಗಾಳಿ ಯಾಕೆ ಕಿತ್ಕೊಂಡು ಮೇಲೇಳುತ್ತೆ ಅನ್ನೋದನ್ನ ಅವಳು ಹುಟ್ಟಿದಾಗಿಂದ ನೋಡಿರ್ತಾಳೆ. ಉಳಿದದ್ದನ್ನ ಬೆಟ್ಟದಲ್ಲಿ ಕಲೀಬೇಕು.

ಒಂದು ದಿನದ ಟಾಸ್ಕ್

ಸ್ಪರ್ಧೆ ಒಂದು ವಾರದ್ದಿರಬಹುದು. ಪ್ರತಿ ದಿನ ಬೆಳಗ್ಗೆ ಹವಾಮಾನ ನೋಡಿ ಅವತ್ತಿನ ದಾರಿ ಗೊತ್ತು ಮಾಡ್ತಾರೆ. ಇದಕ್ಕೆ ಟಾಸ್ಕ್ ಅಂತ ಹೆಸರು. ದಾರಿಯ ಮೇಲೆ ಟರ್ನ್‌ಪಾಯಿಂಟ್‌ಗಳಿರುತ್ತವೆ. ಇವು ನೆಲದ ಮೇಲೆ ನೆಟ್ಟ ಕಂಬ ಅಲ್ಲ, ಜಿಪಿಎಸ್‌ನಲ್ಲಿ ಎಳೆದ ಸಿಲಿಂಡರ್‌ಗಳು. ಅದರ ಅಂಚು ಮುಟ್ಟಿದ್ದು ಪೈಲಟ್‌ನ ಉಪಕರಣದಲ್ಲಿ ದಾಖಲಾದರೆ ಸಾಕು. ನಿಗದಿತ ಸಮಯಕ್ಕೆ ಆಕಾಶದಲ್ಲೇ ಓಟ ಶುರು. ಅಷ್ಟರೊಳಗೆ ನೂರಕ್ಕೂ ಹೆಚ್ಚು ರೆಕ್ಕೆಗಳು ಒಂದೆರಡು ಥರ್ಮಲ್‌ನಲ್ಲಿ ಸುತ್ತುತ್ತಿರಬಹುದು. ಡಿಕ್ಕಿ ಆಗಬಾರದು ಅಂತ ಎಡಕ್ಕೆ ಸುತ್ತಬೇಕೋ ಬಲಕ್ಕೋ ಅನ್ನೋದನ್ನೂ ಅವತ್ತಿನ ಮಟ್ಟಿಗೆ ಮೊದಲೇ ಹೇಳಿರ್ತಾರೆ.

ಗೆದ್ದವರಿಗೆ ಹೆಚ್ಚಂದ್ರೆ 1000 ಅಂಕ. ಆದರೆ ದಿನಾ 1000 ಸಿಗಲ್ಲ. ಅಂಕ ಹಾಕೋ ಪದ್ಧತಿಗೆ ಗ್ಯಾಪ್ ಅಂತಾರೆ. ಅದನ್ನ ರೂಪಿಸಿದ ಗೆರೋಲ್ಫ್, ಆಂಜೆಲೊ, ಪಾಲ್ ಎಂಬ ಮೂವರ ಹೆಸರಿನ ಮೊದಲಕ್ಷರ ಕೂಡಿಸಿ ಮಾಡಿದ ಹೆಸರು. ಅವತ್ತು ಎಷ್ಟು ಜನ ಹಾರಿದ್ರು, ಎಷ್ಟು ದೂರ ಹೋದ್ರು, ಓಟ ಎಷ್ಟು ಹೊತ್ತಿನದು ಅಂತ ನೋಡಿ, ದಿನದ ಬೆಲೆಯನ್ನೇ ಮೊದಲು ಕಟ್ತಾರೆ. ಪೇಪರ್ ತೀರಾ ಸುಲಭ ಆದ್ರೆ ಅದರಲ್ಲಿ ಬಂದ ಮಾರ್ಕ್ಸ್‌ಗೆ ಬೆಲೆ ಕಮ್ಮಿ ಅಂದಂಗೆ. ಆಮೇಲೆ ಆ ಬೆಲೆಯನ್ನ ದೂರದ ಅಂಕ, ವೇಗದ ಅಂಕ, ಮುಂದೆ ನಡೆಸಿದ್ದಕ್ಕೆ ಅಂಕ ಅಂತ ಹಂಚ್ತಾರೆ.

ಮೊದಲ ಸೀಸನ್: ಇಳಿಯೋದನ್ನ ಕಲಿಯೋದು

ರೆಕ್ಕೆಗಳಿಗೆ ಯುರೋಪಿನ ಮಾನದಂಡದಲ್ಲಿ ಎ, ಬಿ, ಸಿ, ಡಿ ಅಂತ ದರ್ಜೆ ಇದೆ. ಎ ಅಂದ್ರೆ ತಪ್ಪು ಮಾಡಿದ್ರೂ ತಾನೇ ಸರಿ ಹೋಗೋ ಗುಣ ಹೆಚ್ಚು. ಡಿ ಕಡೆಗೆ ಹೋದಂಗೆ ವೇಗ ಹೆಚ್ಚು, ಕ್ಷಮೆ ಕಮ್ಮಿ. ನಮ್ಮ ಹುಡುಗಿ ಮೊದಲ ವರ್ಷ ಬಿ ದರ್ಜೆಯ ರೆಕ್ಕೆಯಲ್ಲಿ ಬರ್ತಾಳೆ. ಮೊದಲ ಟಾಸ್ಕ್‌ನಲ್ಲಿ ಹೆಚ್ಚು ಕಮ್ಮಿ ಎಲ್ಲ ಹೊಸಬರ ಗತಿಯೇ ಅವಳದ್ದೂ: ಮುಂದಿನವರ ಹಿಂದೆ ಬೀಳ್ತಾಳೆ, ಥರ್ಮಲ್ ಸಿಗಲ್ಲ, ಹದಿನೈದು ಕಿಲೋಮೀಟರ್‌ಗೇ ಯಾರದೋ ಹೊಲದಲ್ಲಿ ಇಳಿದು, ರೆಕ್ಕೆ ಮಡಚಿ, ಚೀಲ ಹೊತ್ತು ರಸ್ತೆಗೆ ಬರ್ತಾಳೆ.

ಆ ವರ್ಷ ಅವಳು ಕಲಿಯೋದು ಎರಡು. ಒಂದು, ಎತ್ತರ ಅಂದ್ರೆ ಕೈಯಲ್ಲಿರೋ ದುಡ್ಡು. ಗ್ಲೈಡ್ ಅನುಪಾತ 10 ಇದ್ದರೆ, ಗಾಳಿ ಇಲ್ಲದಾಗ ಸಾವಿರ ಮೀಟರ್ ಎತ್ತರಕ್ಕೆ ಹತ್ತು ಕಿಲೋಮೀಟರ್ ದಾರಿ ಸಿಗುತ್ತೆ. ಎರಡು, ಇಳಿಯೋ ಜಾಗವನ್ನ ಎತ್ತರ ಇರುವಾಗಲೇ ಆರಿಸ್ಕೋಬೇಕು. ಇನ್ನೊಂದು ಥರ್ಮಲ್ ಸಿಕ್ಕೀತು ಅಂತ ಕರೆಂಟ್ ತಂತಿ ಇರೋ ಕಣಿವೆಗೆ ಹೋದವರಿಗೆ ಆಮೇಲೆ ಆರಿಸೋಕೆ ಏನೂ ಉಳಿಯಲ್ಲ.

ಎರಡನೇ ಸೀಸನ್: ವೇಗದ ಲೆಕ್ಕ

ಎರಡನೇ ವರ್ಷ ಗೋಲ್ ಮುಟ್ಟೋಕೆ ಶುರು ಮಾಡ್ತಾಳೆ. ಆದರೆ ಮೊದಲು ಬಂದವರಿಗಿಂತ ಮುಕ್ಕಾಲು ಗಂಟೆ ತಡ. ಈಗ ಬರೋದು ವೇಗದ ಪ್ರಶ್ನೆ. ಪೆನ್ನು ತಗೊಳ್ರಿ, ನಮ್ಮ ಜೊತೆ ಲೆಕ್ಕ ಮಾಡ್ರಿ.

ಎರಡು ಥರ್ಮಲ್ ನಡುವೆ 10 ಕಿಮೀ ದೂರ. ನಿಧಾನಕ್ಕೆ, ಗಂಟೆಗೆ 40 ಕಿಮೀ ವೇಗದಲ್ಲಿ, ಅನುಪಾತ 10ರಲ್ಲಿ ಹೋದರೆ 15 ನಿಮಿಷ ಬೇಕು, 1000 ಮೀಟರ್ ಎತ್ತರ ಖರ್ಚು. ಕಾಲಿನ ಕೆಳಗಿರೋ ಸ್ಪೀಡ್ ಬಾರ್ ಒತ್ತಿ 55 ಕಿಮೀಗೆ ಹೋದರೆ ಅನುಪಾತ 7ಕ್ಕೆ ಇಳಿಯುತ್ತೆ ಅಂತ ಇಟ್ಕೊಳ್ಳೋಣ. ಸುಮಾರು 11 ನಿಮಿಷ ಬೇಕು, ಆದರೆ 1430 ಮೀಟರ್ ಖರ್ಚು. ಕಳ್ಕೊಂಡ ಎತ್ತರವನ್ನ ಮುಂದಿನ ಥರ್ಮಲ್‌ನಲ್ಲಿ ವಾಪಸ್ ಗಳಿಸೋ ಸಮಯವನ್ನೂ ಕೂಡಿಸ್ರಿ.

ಥರ್ಮಲ್ ಸೆಕೆಂಡಿಗೆ 1 ಮೀಟರ್ ಏರಿಸಿದ್ರೆ: ನಿಧಾನ ಹೋದವರಿಗೆ ಒಟ್ಟು 31 ನಿಮಿಷ 40 ಸೆಕೆಂಡ್, ಜೋರು ಹೋದವರಿಗೆ ಸುಮಾರು 34 ನಿಮಿಷ 45 ಸೆಕೆಂಡ್.

ಥರ್ಮಲ್ ಸೆಕೆಂಡಿಗೆ 4 ಮೀಟರ್ ಏರಿಸಿದ್ರೆ: ನಿಧಾನ ಹೋದವರಿಗೆ 19 ನಿಮಿಷ 10 ಸೆಕೆಂಡ್, ಜೋರು ಹೋದವರಿಗೆ ಸುಮಾರು 16 ನಿಮಿಷ 50 ಸೆಕೆಂಡ್.

ಅಂದ್ರೆ ಎಷ್ಟು ಜೋರು ಹೋಗಬೇಕು ಅನ್ನೋದನ್ನ ನಿಮ್ಮ ಧೈರ್ಯ ನಿರ್ಧರಿಸಲ್ಲ, ಮುಂದಿನ ಥರ್ಮಲ್ ನಿರ್ಧರಿಸುತ್ತೆ. ಗ್ಲೈಡರ್ ವಿಮಾನದವರಲ್ಲಿ ಈ ಲೆಕ್ಕ ಪಾಲ್ ಮೆಕ್‌ಕ್ರೆಡಿ ಹೆಸರಿನಿಂದ ಪ್ರಸಿದ್ಧ. 1956ರಲ್ಲಿ ಗ್ಲೈಡಿಂಗ್ ವಿಶ್ವ ಚಾಂಪಿಯನ್ ಆದವರು ಅವರು. 1977ರಲ್ಲಿ ಮನುಷ್ಯ ಪೆಡಲ್ ತುಳಿದು ಹಾರಿಸೋ ಗಾಸಮರ್ ಕಾಂಡರ್ ವಿಮಾನದಿಂದ ಕ್ರೆಮರ್ ಬಹುಮಾನ ಗೆದ್ದವರೂ ಅವರೇ.

ಲೆಕ್ಕದಲ್ಲಿ ಒಂದು ಗುಟ್ಟಿದೆ. ಮುಂದಿನ ಥರ್ಮಲ್ ಅಲ್ಲಿ ಇದ್ದೇ ಇರುತ್ತೆ ಅಂತ ನಾವು ಹಿಡಿದಿದ್ವಿ. ಇಲ್ಲದಿದ್ರೆ? 1430 ಮೀಟರ್ ಕಳ್ಕೊಂಡವರು ಹೊಲದಲ್ಲಿ, 1000 ಮೀಟರ್ ಕಳ್ಕೊಂಡವರು ಇನ್ನೂ ಗಾಳಿಯಲ್ಲಿ. ಒಂದು ವಾರದ ಸ್ಪರ್ಧೆಯಲ್ಲಿ ಒಂದು ದಿನ ಗೆದ್ದು ಇನ್ನೊಂದು ದಿನ ಅರ್ಧ ದಾರಿಗೇ ಇಳಿದವರಿಗಿಂತ, ದಿನಾ ಹತ್ತನೇ ಸ್ಥಾನದಲ್ಲಿ ಗೋಲ್ ಮುಟ್ಟಿದವರು ಬಹಳ ಸಲ ಮುಂದೆ ಇರ್ತಾರೆ. ಒಂದು ಬ್ಯಾಕ್ ಉಳಿದ್ರೆ ಸಿಜಿಪಿಎ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮೂರನೇ ಸೀಸನ್: ರೆಕ್ಕೆ ಬದಲಿಸೋ ಆಸೆ

ಮೂರನೇ ವರ್ಷ ಹೆಸರು ಪಟ್ಟಿಯಲ್ಲಿ ಮೇಲೆ ಬರುತ್ತೆ. ಹಿಂದಿನ ಫಲಿತಾಂಶ ನೋಡಿ ದೊಡ್ಡ ಸ್ಪರ್ಧೆಗೆ ಕರೆಯೋ ಪದ್ಧತಿ ಇರೋದ್ರಿಂದ ಬಾಗಿಲೂ ತೆರೆಯುತ್ತೆ. ವಿಶ್ವಕಪ್‌ನಲ್ಲಿ 2009ರಿಂದ ಸೀಸನ್ ಕೊನೆಗೆ ಸೂಪರ್‌ಫೈನಲ್ ಇದೆ. ಅದಕ್ಕೂ ಮೊದಲು ಇಡೀ ಸೀಸನ್ನಿನ ಅಂಕದ ಮೇಲೆ ಪಟ್ಟ ಸಿಗ್ತಿತ್ತು. ಸ್ವಿಟ್ಜರ್ಲೆಂಡಿನ ಕ್ರಿಗೆಲ್ ಮೌರರ್ 2005, 2006, 2007 ಮೂರೂ ವರ್ಷ ಅದನ್ನ ಗೆದ್ದರು. ಆಮೇಲೆ ಆಲ್ಪ್ಸ್ ಪರ್ವತವನ್ನ ನಡೆದೂ ಹಾರಿಯೂ ದಾಟೋ ಎಕ್ಸ್-ಆಲ್ಪ್ಸ್ ಅನ್ನೋ ಸ್ಪರ್ಧೆಯನ್ನ 2009ರಿಂದ 2023ರವರೆಗೆ ಸತತ ಎಂಟು ಸಲ ಗೆದ್ದರು.

ಈ ಹಂತದಲ್ಲಿ ಪೈಲಟ್‌ಗೆ ಕಾಡೋದು ಇನ್ನೂ ವೇಗದ ರೆಕ್ಕೆಯ ಆಸೆ. ಮೈ ತೂಕ ಕಮ್ಮಿ ಇದ್ದರೆ ರೆಕ್ಕೆ ನಿಧಾನ ಆಗುತ್ತೆ ಅಂತ ಹಾರ್ನೆಸ್‌ನಲ್ಲಿ ನೀರಿನ ಚೀಲ ಹೊತ್ತು ಹಾರೋರೂ ಇದ್ದಾರೆ. ಇಂಥ ಕಡೆಯೇ ನಿಯಮ ಎಷ್ಟು ಮುಖ್ಯ ಅನ್ನೋದು ಗೊತ್ತಾಗೋದು.

2011ರ ಜುಲೈ. ಸ್ಪೇನ್‌ನ ಪಿಯೆದ್ರಾಹಿತಾದಲ್ಲಿ ವಿಶ್ವ ಚಾಂಪಿಯನ್‌ಶಿಪ್. ಆಗ ಮುಂದಿನ ಸಾಲಿನ ಪೈಲಟ್‌ಗಳು ಯಾವ ಪ್ರಮಾಣಪತ್ರವೂ ಇಲ್ಲದ ಓಪನ್ ಕ್ಲಾಸ್ ರೆಕ್ಕೆಗಳಲ್ಲಿ ಹಾರ್ತಿದ್ರು. ಶುರುವಾದ ಕೆಲವೇ ದಿನದಲ್ಲಿ ಇಬ್ಬರು ಪೈಲಟ್‌ಗಳು ಸತ್ತರು. ಚಾಂಪಿಯನ್‌ಶಿಪ್ ಅಲ್ಲಿಗೇ ರದ್ದಾಯ್ತು. ಆಮೇಲೆ ಅಂತರರಾಷ್ಟ್ರೀಯ ಸಮಿತಿ ಪ್ರಮಾಣಪತ್ರ ಇಲ್ಲದ ರೆಕ್ಕೆಗಳನ್ನ ಚಾಂಪಿಯನ್‌ಶಿಪ್‌ನಿಂದ ಹೊರಗಿಟ್ಟಿತು. ಮುಂದೆ ಸಿಸಿಸಿ ಅನ್ನೋ ಸ್ಪರ್ಧಾ ದರ್ಜೆ ಬಂತು: ರೆಕ್ಕೆಗೆ ಪರೀಕ್ಷೆ ಕಡ್ಡಾಯ, ಗರಿಷ್ಠ ವೇಗಕ್ಕೂ ಮಿತಿ.

ಯಾರಿಗೂ ಸಾಯೋ ಮನಸ್ಸಿರಲಿಲ್ಲ. ಪಕ್ಕದವನ ರೆಕ್ಕೆ ಜೋರಾಗಿದ್ರೆ ನನ್ನದೂ ಜೋರಾಗಿರಬೇಕು, ಅಷ್ಟೇ. ಒಬ್ಬನೇ ನಿಧಾನ ಆದ್ರೆ ಅವನು ಸೋಲ್ತಾನೆ. ಎಲ್ಲರನ್ನೂ ಒಟ್ಟಿಗೆ ನಿಧಾನ ಮಾಡೋಕೆ ನಿಯಮವೇ ಬೇಕು.

ಸೂತ್ರದೊಳಗೆ ಕೂತಿರೋ ಜೀವ

ಇದನ್ನ ಓದಿದ ಮೇಲೆ ಅಂಕದ ಸೂತ್ರವನ್ನ ಮತ್ತೊಮ್ಮೆ ನೋಡಿದ್ವಿ. ಒಂದೊಂದು ಸಾಲಿಗೂ ಒಂದೊಂದು ಕಾರಣ ಕಾಣಿಸ್ತು.

ಬರೀ ವೇಗಕ್ಕೆ ಅಂಕ ಕೊಟ್ಟರೆ ಎಲ್ಲರೂ ಹಿಂದೆ ಕಾಯ್ತಾರೆ. ಮುಂದೆ ಹೋದವನು ಥರ್ಮಲ್ ಹುಡುಕಿ ತೋರಿಸಲಿ ಅಂತ. ಅದಕ್ಕೇ ಮುಂದೆ ನಡೆಸಿದವರಿಗೆ ಬೇರೆ ಅಂಕ.

ಬಹಳಷ್ಟು ಸ್ಪರ್ಧೆಗಳಲ್ಲಿ ಪೈಲಟ್‌ನ ಕೆಟ್ಟ ದಿನದ ಒಂದಿಷ್ಟು ಪಾಲನ್ನ ಲೆಕ್ಕದಿಂದ ಬಿಡ್ತಾರೆ. ಮೂರು ಇಂಟರ್ನಲ್ಸ್‌ನಲ್ಲಿ ಒಳ್ಳೆಯ ಎರಡನ್ನ ಹಿಡಿದಂಗೆ. ಇವತ್ತು ಗಾಳಿ ಸರಿ ಇಲ್ಲ ಅನ್ನಿಸಿದವರು ಇಳಿದ್ರೆ ಇಡೀ ವಾರ ಹಾಳಾಗಲ್ಲ.

ಗುಡುಗಿನ ಮೋಡ ಬೆಳೆದ್ರೆ ಟಾಸ್ಕ್ ನಿಲ್ಲಿಸ್ತಾರೆ. ಆಗ ಅಂಕ ಹಾಕೋದು ನಿಲ್ಲಿಸಿದ ಕ್ಷಣಕ್ಕಲ್ಲ, ಅದಕ್ಕಿಂತ ಒಂದಿಷ್ಟು ನಿಮಿಷ ಹಿಂದಿನ ಸ್ಥಾನಕ್ಕೆ. ಇಲ್ಲದಿದ್ರೆ, ಹೇಗೂ ನಿಲ್ಲಿಸ್ತಾರೆ ಅಂತ ಕೊನೆ ನಿಮಿಷದಲ್ಲಿ ಮೋಡದ ಕಡೆಗೇ ನುಗ್ಗೋರಿಗೆ ಲಾಭ ಆಗ್ತಿತ್ತು. ಬಿದ್ದವರ ನೆರವಿಗೆ ಇಳಿದ ಪೈಲಟ್‌ಗೆ ಅಂಕ ನಷ್ಟ ಆಗಬಾರದು ಅನ್ನೋ ನಿಯಮವೂ ಇದೆ.

ಮೋಡದ ಮಾತು ಸುಮ್ನೆ ಹೇಳಿದ್ದಲ್ಲ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ತಯಾರಿ ನಡೆಸ್ತಿದ್ದ ಜರ್ಮನಿಯ ಇವಾ ವಿಶ್ನಿಯರ್ಸ್ಕಾ ಅವರನ್ನ ಗುಡುಗಿನ ಮೋಡ ಒಳಗೆ ಎಳ್ಕೊಂಡು 9,946 ಮೀಟರ್‌ವರೆಗೆ ಎತ್ತಿತು. ಎವರೆಸ್ಟ್‌ಗಿಂತ ಸಾವಿರ ಮೀಟರ್ ಮೇಲೆ. ಮುಕ್ಕಾಲು ಗಂಟೆಯಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ. ಮೈಯೆಲ್ಲ ಹಿಮಗಟ್ಟಿದ್ರೂ ಅವರು ಬದುಕಿ ಇಳಿದ್ರು. ಅದೇ ಬಿರುಗಾಳಿಗೆ ಸಿಕ್ಕ ಚೀನಾದ ಪೈಲಟ್ ಹೆ ಝಾಂಗ್‌ಪಿನ್ ಬದುಕಲಿಲ್ಲ.

ನಾವು ನಾಳೆ ಡಿಗ್ರಿ ಮುಗಿಸಿ ಹೊರಗೆ ಹೋದಾಗ ಇಂಥ ಸೂತ್ರಗಳನ್ನೇ ಬರೀತೀವಿ. ಡೆಲಿವರಿ ಹುಡುಗನ ಆ್ಯಪ್‌ನಲ್ಲಿ ರೇಟಿಂಗ್ ಹೇಗೆ ಲೆಕ್ಕ ಹಾಕಬೇಕು, ಕಾರ್ಖಾನೆಯ ಶಿಫ್ಟ್‌ಗೆ ಟಾರ್ಗೆಟ್ ಎಷ್ಟು ಇಡಬೇಕು ಅಂತ. ಯಾವುದಕ್ಕೆ ಅಂಕ ಕೊಡ್ತೀವೋ ಜನ ಅತ್ತ ಓಡ್ತಾರೆ. ದಾರಿಯಲ್ಲಿ ಮೋಡ ಇದ್ರೂ ಓಡ್ತಾರೆ. ಇಳಿದವರಿಗೆ ಏನು ಸಿಗುತ್ತೆ ಅನ್ನೋದನ್ನೂ ಸೂತ್ರದಲ್ಲಿ ಬರೆದಿದ್ದೀವಾ ಅಂತ ಒಮ್ಮೆ ನೋಡ್ಕೋಬೇಕು.

ಅವತ್ತು ಸಂಜೆ ಕೋಟುಮಚಗಿಯಿಂದ ಬಸ್ ಹತ್ತೋ ಮುಂಚೆ ಅಜ್ಜನಿಗೆ ಇದನ್ನೆಲ್ಲ ನಮಗೆ ತಿಳಿದಷ್ಟು ಹೇಳಿದ್ವಿ. ಹೊತ್ತು ಇಳಿದಿತ್ತು, ಎರಿ ನೆಲ ಆರಿತ್ತು, ಆಕಾಶದಲ್ಲಿ ಒಂದು ಹದ್ದೂ ಇರಲಿಲ್ಲ. ಅಜ್ಜ ಕೇಳಿ, "ಹದ್ದಿಗೆ ಯಾರ ಅಂಕ ಕೊಡತಾರ ತಮ್ಮಾ? ಬಿಸಿಲು ಇಳೀತಂದ್ರ ಅದೂ ಇಳೀತೈತಿ," ಅಂದ್ರು.