ಒಮ್ಮೆ ಒಲಿದ ಬಣ್ಣವನ್ನು ಮರಳಿ ಪಡೆಯುವ ಬಗೆ

ಹಾರೋಹಳ್ಳಿಯಿಂದ ಪಡುವಣಕ್ಕೆ ನಡೆದು ಚನ್ನಪಟ್ಟಣವನ್ನು ಸೇರಿದರೆ ಅರಗಿನ ಬಣ್ಣದ ಬೊಂಬೆಗಳನ್ನು ಕಡೆಯುವವರನ್ನು ನಾವು ಕಾಣಬಹುದು. ಹಾಲೆಮರದ ತುಂಡು ಲೇತ್ ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಕುಶಲಿಯು ಬಣ್ಣ ಬೆರೆಸಿದ ಅರಗಿನ ಕಡ್ಡಿಯೊಂದನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ತಿಕ್ಕಾಟದಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ತಾಳೆಗರಿಯಿಂದ ಉಜ್ಜಿದೊಡನೆ ಹೊಳಪು ಮೂಡುತ್ತದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆತನು ಪ್ರತಿಯೊಂದು ಬೊಂಬೆಗೂ ಹೊಸದಾಗಿ ಬಣ್ಣ ಕಲಸುವುದಿಲ್ಲ. ಮೊದಲೇ ಹದವರಿತು ಬೆರೆಸಿ, ಕಡ್ಡಿಗಳನ್ನಾಗಿ ಮಾಡಿ ಇಟ್ಟುಕೊಂಡಿರುತ್ತಾನೆ. ಆ ಕಡ್ಡಿಯೆಂದರೆ ಕೂಡಿಟ್ಟ ಬಣ್ಣ.

ಹಾರೋಹಳ್ಳಿಯ ವಿದ್ಯಾರ್ಥಿಯೊಬ್ಬನು ಶಾಲೆಯ ವಸ್ತುಪ್ರದರ್ಶನಕ್ಕಾಗಿ ಈ ಬೊಂಬೆಗಳ ಹತ್ತು ಚಿತ್ರಪಟಗಳನ್ನು ಗಣಕಯಂತ್ರದಲ್ಲಿ ರಚಿಸುತ್ತಿದ್ದಾನೆಂದು ಭಾವಿಸೋಣ. ಮೊದಲ ದಿನ ಬಹಳ ಹೊತ್ತು ಪ್ರಯತ್ನಿಸಿ ಅರಿಸಿನದ ಬಣ್ಣವೊಂದನ್ನು ಸಾಧಿಸುತ್ತಾನೆ. ಮರುದಿನ ಅದೇ ಬಣ್ಣವನ್ನು ಕಣ್ಣಂದಾಜಿನಿಂದ ಮತ್ತೆ ಬೆರೆಸುತ್ತಾನೆ. ಪ್ರದರ್ಶನದ ಮುನ್ನಾದಿನ ಪಟಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಒಂದು ಹಳದಿಯಾಗಿಯೂ ಇನ್ನೊಂದು ಕಿತ್ತಳೆಯಾಗಿಯೂ ತೋರುತ್ತದೆ! ಪಟ್ಟ ಶ್ರಮವೆಲ್ಲ ವ್ಯರ್ಥ. ಕಣ್ಣು ಅವನನ್ನು ವಂಚಿಸಿದ್ದು ಹೇಗೆ?

ನಮ್ಮ ಅಕ್ಷಿಪಟದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರು ಬಗೆಯಾಗಿವೆ. ಅವು ಕಳುಹಿಸುವ ಸಂಕೇತಗಳನ್ನು ಮಿದುಳು ಸುತ್ತಲಿನ ಬಣ್ಣಗಳೊಡನೆ ಹೋಲಿಸಿಯೇ ನಿರ್ಣಯಿಸುತ್ತದೆ. ಒಂದೇ ಹಳದಿ ಕಾಗದದಿಂದ ಎರಡು ಚೂರುಗಳನ್ನು ಕತ್ತರಿಸಿ, ಒಂದನ್ನು ನೀಲಿ ಕಾಗದದ ಮೇಲೂ ಮತ್ತೊಂದನ್ನು ಕೆಂಪು ಕಾಗದದ ಮೇಲೂ ಇಟ್ಟು ನೋಡಿರಿ. ಎರಡೂ ಒಂದೇ ಎಂದು ನಂಬುವುದು ಕಷ್ಟವಾಗುತ್ತದೆ. ಕಣ್ಣು ಹೋಲಿಕೆಯಲ್ಲಿ ನಿಪುಣ, ನೆನಪಿನಲ್ಲಿ ದುರ್ಬಲ.

ಯಂತ್ರವಾದರೋ ಬಣ್ಣವನ್ನು ಸಂಖ್ಯೆಯಾಗಿ ಬಲ್ಲದು. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದ ವರ್ಣಚಿತ್ರವನ್ನು ಪಡೆಯಬಹುದೆಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಪ್ರದರ್ಶಿಸಿದನು. ಗಣಕದ ತೆರೆಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಸಾಮಾನ್ಯ ಚಿತ್ರಗಳಲ್ಲಿ ಪ್ರತಿಯೊಂದು ಬೆಳಕಿಗೂ 0ಯಿಂದ 255ರವರೆಗೆ 256 ಮೆಟ್ಟಲುಗಳುಂಟು. ಆದುದರಿಂದ 256ನ್ನು ಮೂರು ಬಾರಿ ಗುಣಿಸಿದಷ್ಟು, ಎಂದರೆ 1,67,77,216 ಬೆರಕೆಗಳು ಸಾಧ್ಯ. ಇಷ್ಟೊಂದು ಬಣ್ಣಗಳ ನಡುವೆ ನಿನ್ನೆಯದನ್ನು ಕಣ್ಣಿನಿಂದ ಹುಡುಕುವುದು ಮರಳರಾಶಿಯಲ್ಲಿ ಸಾಸಿವೆಯನ್ನು ಅರಸಿದಂತೆ. ಆದರೆ ಕೆಂಪು 232, ಹಸಿರು 170, ನೀಲಿ 20 ಎಂದು ಬರೆದಿಟ್ಟುಕೊಂಡರೆ ಆ ಅರಿಸಿನದ ಬಣ್ಣವು ಎಂದೆಂದಿಗೂ ಕೈತಪ್ಪದು.

ಈ ಬರೆದಿಡುವ ಕೆಲಸವನ್ನು ಚಿತ್ರ ತಿದ್ದುವ ತಂತ್ರಾಂಶಗಳೇ ಮಾಡಿಕೊಡುತ್ತವೆ. ಉಚಿತವಾಗಿ ದೊರೆಯುವ ಗಿಂಪ್ ಎಂಬುದರಲ್ಲಿ ಇದಕ್ಕೆ ಪ್ಯಾಲೆಟ್ ಎಂದೂ, ಫೋಟೋಶಾಪ್‌ನಲ್ಲಿ ಸ್ವಾಚ್ ಎಂದೂ ಹೆಸರು. ಮೊದಲು ಬಣ್ಣ ಹೆಕ್ಕುವ ಸಾಧನವನ್ನು ಚಿತ್ರದ ಮೇಲೆ ಒತ್ತಿದರೆ ಆ ಬಿಂದುವಿನ ಬಣ್ಣವು ಕುಂಚಕ್ಕೆ ಬರುತ್ತದೆ. ಅದನ್ನು ಹೊಸ ಪ್ಯಾಲೆಟ್ಟಿಗೆ ಸೇರಿಸಿ, ‘ಬೊಂಬೆಯ ಅಂಗಿ’ ಎಂಬಂತೆ ಉಪಯೋಗವನ್ನು ಸೂಚಿಸುವ ಹೆಸರನ್ನು ಕೊಡಬೇಕು. ಗಿಂಪ್ ಇದನ್ನು ಒಂದು ಪುಟ್ಟ ಕಡತದಲ್ಲಿ ಉಳಿಸುತ್ತದೆ. ಆ ಕಡತವನ್ನು ತೆರೆದು ನೋಡಿದರೆ ಸಾಲಿಗೊಂದರಂತೆ ಮೂರು ಸಂಖ್ಯೆಗಳೂ ಒಂದು ಹೆಸರೂ ಇರುತ್ತವೆ, ಅಷ್ಟೆ! ಗೆಳೆಯನಿಗೆ ಅದರ ಪ್ರತಿಯನ್ನು ಕೊಟ್ಟರೆ ಇಬ್ಬರೂ ಒಂದೇ ಬಣ್ಣಗಳಿಂದ ಕೆಲಸ ಮಾಡಬಹುದು.

ಆದರೂ ಮೂರು ಎಚ್ಚರಿಕೆಗಳು ಅವಶ್ಯ. ಛಾಯಾಚಿತ್ರದಲ್ಲಿ ಒಂದೇ ಬೊಂಬೆಯ ಹಳದಿಯು ನೆರಳು ಬೆಳಕುಗಳಿಂದ ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತದೆ. ಆದುದರಿಂದ ಒಂದೇ ಬಿಂದುವನ್ನು ನಂಬದೆ ಹಲವು ಬಿಂದುಗಳ ಸರಾಸರಿಯನ್ನು ಹೆಕ್ಕುವುದು ಲೇಸು. ಎರಡನೆಯದಾಗಿ, ಪ್ಯಾಲೆಟ್ಟಿನ ಬಣ್ಣವನ್ನು ಆಮೇಲೆ ತಿದ್ದಿದರೆ, ಈಗಾಗಲೇ ಬಳಿದ ಭಾಗವು ಸಾಮಾನ್ಯವಾಗಿ ತಾನಾಗಿ ಬದಲಾಗುವುದಿಲ್ಲ. ಕಡ್ಡಿಯನ್ನು ಬದಲಿಸಿದ ಮಾತ್ರಕ್ಕೆ ಮಾರಿಹೋದ ಬೊಂಬೆಯ ಬಣ್ಣ ಬದಲಾದೀತೇ? 1987ರಲ್ಲಿ ಬಂದ ಜಿಫ್ ಮಾದರಿಯ ಚಿತ್ರಗಳು ಇದಕ್ಕೆ ಅಪವಾದ. ಅವುಗಳಲ್ಲಿ ಹೆಚ್ಚೆಂದರೆ 256 ಬಣ್ಣಗಳ ಪಟ್ಟಿಯು ಚಿತ್ರದೊಳಗೇ ಇದ್ದು, ಪ್ರತಿ ಬಿಂದುವೂ ಆ ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಹೊತ್ತಿರುತ್ತದೆ. ಪಟ್ಟಿಯನ್ನು ತಿದ್ದಿದರೆ ಚಿತ್ರವೂ ಬದಲಾಗುತ್ತದೆ.

ಮೂರನೆಯ ಎಚ್ಚರಿಕೆಯೇ ಮುಖ್ಯವಾದುದು. ಅವೇ ಮೂರು ಸಂಖ್ಯೆಗಳನ್ನು ಕೊಟ್ಟರೂ ಎರಡು ತೆರೆಗಳು ಎರಡು ಬಗೆಯ ಹಳದಿಯನ್ನು ತೋರಿಸಬಹುದು. ಸಂಖ್ಯೆಯು ಪಾಕವಿಧಾನವಿದ್ದಂತೆ, ಒಲೆಯ ಉರಿ ಬೇರೆಯಾದರೆ ಪಾಕವೂ ಬೇರೆ. ಈ ಗೊಂದಲವನ್ನು ಕಡಿಮೆಮಾಡಲು 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಅಳತೆಗೋಲನ್ನು ಸೂಚಿಸಲಾಯಿತು; 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಬಣ್ಣದ ಸಂಖ್ಯೆಯೊಡನೆ ಅದು ಯಾವ ಅಳತೆಗೋಲಿನದೆಂಬುದನ್ನೂ ಗುರುತು ಮಾಡಿಡಬೇಕು. ಮುದ್ರಣದಲ್ಲಿ ಬೆಳಕಿನ ಬದಲು ಶಾಯಿಗಳು ಕೆಲಸ ಮಾಡುವುದರಿಂದ, ಹತ್ತೂ ಪಟಗಳನ್ನು ಅಚ್ಚು ಹಾಕಿಸುವ ಮುನ್ನ ಒಂದನ್ನು ಪರೀಕ್ಷೆಗಾಗಿ ತೆಗೆಸಿ ನೋಡುವುದೇ ಜಾಣತನ.

ಚನ್ನಪಟ್ಟಣದ ಕುಶಲಿಯೂ ಕಡ್ಡಿಯನ್ನು ಮಾತ್ರ ನೋಡಿ ತೃಪ್ತನಾಗುವುದಿಲ್ಲ. ಮರದ ಮೇಲೆ ಅದು ಹೇಗೆ ಕಂಡಿತೆಂಬುದನ್ನು ಪರೀಕ್ಷಿಸುತ್ತಾನೆ. ಬಣ್ಣವನ್ನು ಆರಿಸುವ ಕೆಲಸ ಕಣ್ಣಿನದು, ಉಳಿಸುವ ಕೆಲಸ ಸಂಖ್ಯೆಯದು. ಕೊನೆಗೆ ಒಪ್ಪಿಕೊಳ್ಳಬೇಕಾದುದು ಮತ್ತೆ ಕಣ್ಣೇ.