ಹಿಮದ ನಾಡಿನ ಹಿತ್ತಲಿನಲ್ಲಿ ಬಿದಿರು

ಬಾಗಿನದ ಮೊರ, ಧಾನ್ಯದ ಬುಟ್ಟಿ, ಕೂಸಿನ ತೊಟ್ಟಿಲು, ಮದುವೆಯ ಚಪ್ಪರ ಇವೆಲ್ಲಕ್ಕೂ ನಮ್ಮಲ್ಲಿ ಬಿದಿರೇ ಆಧಾರ. ಬಿದಿರಿನ ಕಾಯಕದಿಂದಲೇ ಹೆಸರಾದ ಮೇದಾರ ಕೇತಯ್ಯನವರನ್ನು ಬಲ್ಲ ಮನೆತನಗಳು ನಮ್ಮವು. ಇಂಗ್ಲೆಂಡಿನಲ್ಲಿಯೂ ಅಮೆರಿಕದ ಉತ್ತರ ರಾಜ್ಯಗಳಲ್ಲಿಯೂ ನೆಲೆಸಿರುವ ನಮ್ಮ ಬಂಧುಗಳಿಗೆ ಹಿತ್ತಲಲ್ಲೊಂದು ಬಿದಿರುಮೆಳೆ ಇರಲೆಂಬ ಆಸೆ ಮೂಡುವುದು ಸಹಜವೇ. ಆದರೆ ಹಿಮ ಸುರಿಯುವಲ್ಲಿ ಬಿದಿರು ಬದುಕೀತೇ?

ಬದುಕುತ್ತದೆ, ಆದರೆ ನಮ್ಮ ಬಿದಿರಲ್ಲ. ಮಲೆನಾಡಿನ ಹೆಬ್ಬಿದಿರು, ಬಯಲುಸೀಮೆಯ ಕಾಡುಗಳ ಕಿರುಬಿದಿರು ಬಿಸಿಲನಾಡಿನವು. ಅವು ಕಟುವಾದ ಚಳಿಗೆ ಬಾಳಲಾರವು. ಶೀತವನ್ನು ತಾಳುವ ಜಾತಿಗಳು ಹೆಚ್ಚಾಗಿ ಚೀನಾದವು. ಅವುಗಳಲ್ಲಿ ಎರಡು ಪಂಗಡಗಳು ಮುಖ್ಯ. ಫಾರ್ಗೇಸಿಯ ಎಂಬುದು ಮಧ್ಯ ಮತ್ತು ಪಶ್ಚಿಮ ಚೀನಾದ ಎತ್ತರದ ಬೆಟ್ಟಗಳ ಗಿಡ; ಪಾಂಡಾ ಪ್ರಾಣಿಯ ಆಹಾರ. ಇದರ ಕೆಲವು ಜಾತಿಗಳು ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ಸಹಿಸುತ್ತವೆ. ಇನ್ನೊಂದು ಫೈಲೋಸ್ಟಾಕಿಸ್. ಇದರಲ್ಲಿಯೂ 20 ಡಿಗ್ರಿ ಕೆಳಗಿನ ಶೀತಕ್ಕೆ ಜಗ್ಗದ ಜಾತಿಗಳುಂಟು. ಗಿಡ ಕೊಳ್ಳುವವರು ತಿಳಿಯಬೇಕಾದ ಭೇದವಿರುವುದು ಬೇರಿನಲ್ಲಿ. ಫಾರ್ಗೇಸಿಯ ನಮ್ಮ ಬಿದಿರಿನಂತೆ ಒಂದೆಡೆ ಮೆಳೆಗಟ್ಟಿ ಬೆಳೆಯುತ್ತದೆ. ಫೈಲೋಸ್ಟಾಕಿಸ್‌ನ ಬೇರುಕಾಂಡ ನೆಲದೊಳಗೆ ಗರಿಕೆಯಂತೆ ಹರಿದು ಹೋಗುತ್ತದೆ.

ಈ ಹರಿದಾಟವನ್ನು ನಾನು ಇಂಗ್ಲೆಂಡಿನಲ್ಲಿರುವ ತಂಗಿಯ ಮನೆಯಲ್ಲಿ ಕಣ್ಣಾರೆ ಕಂಡೆನು. ಗಿಡ ಮಾರಿದವರು ಈ ಗುಣವನ್ನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಮೊದಲ ಎರಡು ವರ್ಷ ಗಿಡ ಸುಮ್ಮನಿದ್ದಿತು. ನಾಲ್ಕನೆಯ ವಸಂತದಲ್ಲಿ ಬೇಲಿಯಾಚೆ, ನೆರೆಮನೆಯ ವೃದ್ಧ ದಂಪತಿಗಳು ಮಗುವಿನಂತೆ ಸಾಕಿದ ಹುಲ್ಲುಹಾಸಿನ ನಡುವೆ, ಏಳು ಕಳಲೆಗಳು ತಲೆಯೆತ್ತಿದವು! ಅವರು ಜಗಳವಾಡಲಿಲ್ಲ, ಆದರೆ ಮಾತು ನಿಂತಿತು. ಬೇರುಗಳನ್ನು ಅಗೆದು ತೆಗೆದು, ಹುಲ್ಲುಹಾಸನ್ನು ಸರಿಪಡಿಸಿಕೊಟ್ಟ ಮೇಲೆಯೂ ಮೊದಲಿನ ಸಲಿಗೆ ಮರಳಲು ಬಹುಕಾಲ ಹಿಡಿಯಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯವು 2013ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. ಹರಿಯುವ ಬಿದಿರನ್ನು ನೆರೆಯವರ ಗಡಿಯಿಂದ 40 ಅಡಿಗಳೊಳಗೆ ನೆಡುವುದಾದರೆ ಬೇರಿಗೆ ತಡೆ ಹಾಕಬೇಕು, ಇಲ್ಲವೇ ಕುಂಡದಲ್ಲಿ ಬೆಳೆಸಬೇಕು.

ತಡೆಯೆಂದರೆ ಗಿಡದ ಸುತ್ತ ಎರಡರಿಂದ ಎರಡೂವರೆ ಅಡಿ ಆಳದ ಕಾಲುವೆ ತೋಡಿ ನಿಲ್ಲಿಸುವ ದಪ್ಪ ಪ್ಲಾಸ್ಟಿಕ್ ಹಾಳೆ. ಅದರ ಮೇಲಂಚು ನೆಲದಿಂದ ಎರಡು ಅಂಗುಲ ಮೇಲಿರಬೇಕು, ತುಸು ಹೊರಕ್ಕೆ ವಾಲಿರಬೇಕು. ಆಗ ತಡೆಗೆ ತಾಗಿದ ಬೇರು ಕೆಳಗೆ ನುಸುಳದೆ ಮೇಲಕ್ಕೆ ತಿರುಗುತ್ತದೆ. ವರ್ಷಕ್ಕೊಮ್ಮೆ ಸುತ್ತಲೂ ನೋಡಿ, ಅಂಚು ದಾಟಿದುದನ್ನು ಕತ್ತರಿಸಬೇಕು. ಇಷ್ಟು ಶ್ರಮ ಬೇಡವೆನ್ನುವವರಿಗೆ ಫಾರ್ಗೇಸಿಯವೇ ಲೇಸು. ಅದಕ್ಕೆ ಮಧ್ಯಾಹ್ನದ ಬಿಸಿಲು ಆಗದು, ಅರೆನೆರಳು ಬೇಕು.

ಚಳಿಗಾಲದಲ್ಲಿ ಗಿಡವನ್ನು ಕೊಲ್ಲುವುದು ಹಿಮಕ್ಕಿಂತ ಹೆಚ್ಚಾಗಿ ಒಣಗಾಳಿ. ಹೆಪ್ಪುಗಟ್ಟಿದ ನೆಲದಿಂದ ಬೇರು ನೀರೆಳೆಯಲಾರದು, ಎಲೆಗಳಿಂದ ಮಾತ್ರ ತೇವ ಆರುತ್ತಲೇ ಇರುತ್ತದೆ. ಆದುದರಿಂದ ವಸಂತದಲ್ಲಿಯೇ ನೆಟ್ಟು ಬೇರೂರಲು ಕಾಲ ಕೊಡಬೇಕು. ನೆಲ ಹೆಪ್ಪುಗಟ್ಟುವ ಮುನ್ನ ಚೆನ್ನಾಗಿ ನೀರುಣಿಸಿ ಬುಡಕ್ಕೆ ಮೂರು ನಾಲ್ಕು ಅಂಗುಲ ತರಗೆಲೆ ಹೊದಿಸಬೇಕು. ಹಿಮದ ಭಾರಕ್ಕೆ ಬಾಗಿದ ಗಳಗಳನ್ನು ಮೆಲ್ಲನೆ ಅಲುಗಿಸಿದರೆ ಸಾಕು. ಎಲೆಯೆಲ್ಲ ಕಂದಿದರೂ ಅವಸರದಿಂದ ಕಿತ್ತೆಸೆಯಬಾರದು. ಬೇರು ಜೀವಂತವಿದ್ದರೆ ಮತ್ತೆ ಕಳಲೆ ಬರುತ್ತದೆ.

ಬಿದಿರು ಹೂಬಿಟ್ಟರೆ ಬರವೆಂದು ನಮ್ಮ ಹಿರಿಯರು ಅಂಜುತ್ತಿದ್ದರು. ಆದರೂ ಬಿದಿರಕ್ಕಿಯನ್ನು ಆರಿಸಿ ಉಣ್ಣುತ್ತಿದ್ದರು. ಪರದೇಶದ ಬಿದಿರೂ ಈ ನಿಯಮಕ್ಕೆ ಹೊರತಲ್ಲ. ಅರ್ನೆಸ್ಟ್ ವಿಲ್ಸನ್ ಎಂಬ ಸಸ್ಯಶೋಧಕನು 1907ರಲ್ಲಿ ಚೀನಾದ ಹುಬೇ ಪ್ರಾಂತದಲ್ಲಿ ಸಂಗ್ರಹಿಸಿದ ಒಂದು ಫಾರ್ಗೇಸಿಯಕ್ಕೆ ಅವನ ಮಗಳು ಮ್ಯೂರಿಯಲ್‌ಳ ಹೆಸರನ್ನಿಟ್ಟರು. ಅದರ ಬುಡವನ್ನು ಒಡೆದೊಡೆದು ನೆಟ್ಟು ಯೂರೋಪಿನ ತೋಟಗಳಿಗೆಲ್ಲ ಹರಡಿದರು. 1990ರ ದಶಕದಲ್ಲಿ ಅವೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹೂಬಿಟ್ಟು ಒಣಗಿದವು. ಇಂದು ಮಾರಾಟಕ್ಕಿರುವವು ಆ ಬೀಜಗಳಿಂದ ಹುಟ್ಟಿದ ಹೊಸ ತಲೆಮಾರಿನವು. ನಿಮ್ಮ ಮೆಳೆ ಹೂಬಿಟ್ಟರೆ ಬುಡದ ಮಣ್ಣನ್ನು ಒಂದೆರಡು ವರ್ಷ ಕೆದಕದಿರಿ. ಉದುರಿದ ಬೀಜದ ಸಸಿಗಳು ಮೊದಮೊದಲು ಹುಲ್ಲಿನೆಸಳಿನಂತೆಯೇ ಇರುತ್ತವೆ. ಕಳೆಯೆಂದು ಕಿತ್ತೀರಿ, ಜೋಕೆ!